ವೆಸ್ಟ್‌ಪಾಯಿಂಟ್‌ನ ಏಳು ಸೋಲು

ಒಂದೇ ಪ್ರಶ್ನೆಪತ್ರಿಕೆಯನ್ನು ಒಂದು ಗುಂಪಿಗೆ ಇವತ್ತು, ಇನ್ನೊಂದು ಗುಂಪಿಗೆ ನಾಳೆ ಕೊಟ್ಟರೆ ಏನಾಗುತ್ತದೆಂದು ಯಾವ ವಿದ್ಯಾರ್ಥಿಗೂ ಬಿಡಿಸಿ ಹೇಳಬೇಕಾಗಿಲ್ಲ. ಇವತ್ತು ಬರೆದವನು ಬಾಗಿಲು ದಾಟಿ ಹೊರಬರುವುದನ್ನೇ ನಾಳೆಯವರು ಕಾಯುತ್ತಿರುತ್ತಾರೆ. "ಏನೇನು ಬಂತೋ?" ಎಂದು ಹೆಗಲ ಮೇಲೆ ಕೈಹಾಕಿ ಕೇಳುತ್ತಾರೆ. ಕೇಳಿದವನಿಗೆ ಅದು ಕಳ್ಳತನ ಎನ್ನಿಸುವುದಿಲ್ಲ. ಹೇಳಿದವನಿಗೋ ಅದು ಸ್ನೇಹ. ಗೆಳೆಯ ಕೇಳಿದಾಗ ಬಾಯಿ ಬಿಡದವನನ್ನು ನಮ್ಮ ಹಾಸ್ಟೆಲುಗಳಲ್ಲಿ ಏನೆಂದು ಕರೆಯುತ್ತಾರೆ ಎಂಬುದು ಎಲ್ಲರಿಗೂ ಗೊತ್ತು.

ಅಮೆರಿಕದ ಅತ್ಯಂತ ಹೆಸರುವಾಸಿ ಕಾಲೇಜು ತಂಡವೊಂದನ್ನು ಒಂದೇ ಬೇಸಿಗೆಯಲ್ಲಿ ಹೇಳಹೆಸರಿಲ್ಲದಂತೆ ಮಾಡಿದ್ದು ಈ "ಏನೇನು ಬಂತೋ?" ಎಂಬ ಪ್ರಶ್ನೆಯೇ. ಅದು ನಡೆದದ್ದು 1951ರಲ್ಲಿ. ಆ ವರ್ಷ ಆ ತಂಡ ಆಡಿದ ಒಂಬತ್ತು ಪಂದ್ಯಗಳಲ್ಲಿ ಗೆದ್ದದ್ದು ಎರಡು, ಸೋತದ್ದು ಏಳು. ಕ್ರೀಡಾ ಇತಿಹಾಸ ಬರೆಯುವವರು ಸಾಮಾನ್ಯವಾಗಿ ಗೆದ್ದ ವರ್ಷಗಳ ಬೆನ್ನು ಹತ್ತುತ್ತಾರೆ. ಆದರೆ ಈ ಸೋತ ವರ್ಷದ ಕಥೆಯಲ್ಲಿ ಆಟಕ್ಕಿಂತ ಹೆಚ್ಚಿನದೊಂದಿದೆ. ಏಕೆಂದರೆ ಅಂದು ಮೈದಾನಕ್ಕಿಳಿದು ಪೆಟ್ಟು ತಿಂದವರು ತಪ್ಪು ಮಾಡಿದವರಾಗಿರಲಿಲ್ಲ.

ನ್ಯೂಯಾರ್ಕ್ ನಗರದಿಂದ ಸುಮಾರು 80 ಕಿ.ಮೀ. ಉತ್ತರಕ್ಕೆ, ಹಡ್ಸನ್ ನದಿಯ ದಂಡೆಯ ಬಂಡೆಗಳ ಮೇಲೆ ವೆಸ್ಟ್‌ಪಾಯಿಂಟ್ ಎಂಬ ಊರಿದೆ. 1802ರಲ್ಲಿ ಅಲ್ಲಿ ಸ್ಥಾಪನೆಯಾದ ಸೈನಿಕ ಅಕಾಡೆಮಿ ಅಮೆರಿಕದ ಭೂಸೇನೆಗೆ ಅಧಿಕಾರಿಗಳನ್ನು ತಯಾರು ಮಾಡುವ ಕಾಲೇಜು. ನಾಲ್ಕು ವರ್ಷದ ಓದು; ಮುಗಿಸಿದವರಿಗೆ ಪದವಿಯ ಜೊತೆಗೆ ಸೆಕೆಂಡ್ ಲೆಫ್ಟಿನೆಂಟ್ ಹುದ್ದೆ. ಈ ಕಾಲೇಜಿನ ಫುಟ್‌ಬಾಲ್ ತಂಡಕ್ಕೆ ಜನ ಇಟ್ಟಿರುವ ಹೆಸರು "ಆರ್ಮಿ". ಅದರ ಹುಟ್ಟುವೈರಿ ಅನ್ನಾಪೊಲಿಸ್‌ನ ನೌಕಾ ಅಕಾಡೆಮಿಯ "ನೇವಿ" ತಂಡ. ಇವೆರಡರ ನಡುವಿನ ವಾರ್ಷಿಕ ಪಂದ್ಯದ ದಿನ ಉಳಿದ ಪಂದ್ಯಗಳನ್ನು ಕೇಳುವವರಿಲ್ಲ.

ಇಲ್ಲಿ ಫುಟ್‌ಬಾಲ್ ಎಂದರೆ ನಮ್ಮ ಮಕ್ಕಳು ಆಡುವ ಕಾಲ್ಚೆಂಡಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಓಡುವುದು, ಇಲ್ಲವೇ ಮುಂದಿರುವ ಜೊತೆಗಾರನಿಗೆ ಎಸೆಯುವುದು. ಎದುರು ತಂಡದವರು ಮೈಮೇಲೆ ಬಿದ್ದು ಕೆಡವುವುದು. ಹತ್ತು ಗಜ ಮುಂದೆ ಸಾಗಲು ನಾಲ್ಕು ಅವಕಾಶ. ಅಷ್ಟರಲ್ಲಿ ಸಾಗದಿದ್ದರೆ ಚೆಂಡು ಎದುರಾಳಿಯ ಪಾಲು. ಎದುರಾಳಿಯ ಕೊನೆಯ ಗೆರೆ ದಾಟಿದರೆ ಆರು ಅಂಕ, ಆಮೇಲೆ ಚೆಂಡನ್ನು ಕಂಬಗಳ ನಡುವೆ ಒದ್ದರೆ ಇನ್ನೊಂದು. ಕಬಡ್ಡಿ ಗೊತ್ತಿರುವವರಿಗೆ ಇದರ ಮರ್ಮ ಬೇಗ ಹಿಡಿಸುತ್ತದೆ. ಗುರಿ ಇರುವುದು ಮನುಷ್ಯನ ಮೇಲೆ, ಚೆಂಡು ಒಂದು ನೆಪ.

1940ರ ದಶಕದಲ್ಲಿ ಈ ಆಟದಲ್ಲಿ ಆರ್ಮಿಗೆ ಸಾಟಿಯೇ ಇರಲಿಲ್ಲ. 1944, 45, 46 ಮೂರೂ ವರ್ಷ ಅದು ಒಂದೇ ಒಂದು ಪಂದ್ಯ ಸೋಲಲಿಲ್ಲ. ಆಮೇಲೆ ಸ್ವಲ್ಪ ಇಳಿಮುಖವಾಗಿ ಮತ್ತೆ ಏರಿ, 1950ರ ಕೊನೆಯ ಹೊತ್ತಿಗೆ ಸತತ 28 ಪಂದ್ಯಗಳಲ್ಲಿ ಸೋಲು ಕಂಡಿರಲಿಲ್ಲ. ಆ ವರ್ಷ ಹಾರ್ವರ್ಡ್ ವಿಶ್ವವಿದ್ಯಾಲಯವನ್ನು 49-0, ಕೊಲಂಬಿಯಾವನ್ನು 34-0 ಅಂತರದಲ್ಲಿ ಮಣಿಸಿತ್ತು. ಈ ಎರಡು ಅಂಕಿಗಳನ್ನು ನೆನಪಿಟ್ಟುಕೊಳ್ಳುವುದು ಒಳ್ಳೆಯದು, ಮುಂದೆ ಬೇಕಾಗುತ್ತವೆ. ಡಿಸೆಂಬರಿನ ಕೊನೆಯ ಪಂದ್ಯದಲ್ಲಿ ಮಾತ್ರ, ಆ ವರ್ಷ ಬರೀ ಎರಡು ಪಂದ್ಯ ಗೆದ್ದು ಸೊರಗಿದ್ದ ನೇವಿಯೇ 14-2ರಿಂದ ಆರ್ಮಿಯನ್ನು ಕೆಡವಿತು. ಅದನ್ನು ಜನ ದೃಷ್ಟಿ ತಾಕಿತೆಂದು ಮರೆತರು. ಮುಂದಿನ ವರ್ಷ ನೋಡಿಕೊಳ್ಳೋಣ ಎಂದರು.

ಇಷ್ಟಕ್ಕೆಲ್ಲ ಕಾರಣಪುರುಷ ತರಬೇತುದಾರ ಅರ್ಲ್ ಬ್ಲೇಕ್. ಕೆಂಗೂದಲಿನಿಂದಾಗಿ "ರೆಡ್" ಬ್ಲೇಕ್ ಎಂದೇ ಪ್ರಸಿದ್ಧರು. ಅವರೂ ವೆಸ್ಟ್‌ಪಾಯಿಂಟ್‌ನಲ್ಲೇ ಓದಿ 1920ರಲ್ಲಿ ಹೊರಬಂದವರು. ಅವರು ಓದುತ್ತಿದ್ದಾಗ ಅಲ್ಲಿನ ಮುಖ್ಯಸ್ಥರಾಗಿದ್ದವರು ಡಗ್ಲಾಸ್ ಮೆಕಾರ್ಥರ್. ಮುಂದೆ ಎರಡನೆಯ ಮಹಾಯುದ್ಧದಲ್ಲಿ ಜಪಾನಿನ ಶರಣಾಗತಿಯನ್ನು ಸ್ವೀಕರಿಸಿದ ಅದೇ ಮೆಕಾರ್ಥರ್. ಬ್ಲೇಕ್ ಮಿತಭಾಷಿ, ಕಟ್ಟುನಿಟ್ಟಿನ ಮನುಷ್ಯ. 1950ರ ತಂಡದಲ್ಲಿ ಚೆಂಡು ಹಂಚುವ, ಆಟ ನಡೆಸುವ ಕ್ವಾರ್ಟರ್‌ಬ್ಯಾಕ್ ಜಾಗದಲ್ಲಿ ಆಡುತ್ತಿದ್ದವನು ಅವರ ಸ್ವಂತ ಮಗ.

ಈಗ ಪರೀಕ್ಷೆಯ ವಿಷಯ. ವೆಸ್ಟ್‌ಪಾಯಿಂಟ್‌ನಲ್ಲಿ ವರ್ಷಕ್ಕೊಂದೆರಡು ಪರೀಕ್ಷೆ ಎಂಬ ಸುಖವಿಲ್ಲ. ಹತ್ತೊಂಬತ್ತನೆಯ ಶತಮಾನದಿಂದಲೂ ಅಲ್ಲಿ ದಿನದಿನದ ಪಾಠಕ್ಕೂ ಅಂಕ ಹಾಕುವ ಪದ್ಧತಿ. ಆಗಾಗ್ಗೆ ಸಣ್ಣ ಸಣ್ಣ ಲಿಖಿತ ಪರೀಕ್ಷೆಗಳು. 1951ರಲ್ಲಿ ಸುಮಾರು 2,500 ಕೆಡೆಟ್‌ಗಳಿದ್ದರು. ಅವರನ್ನು ಎರಡು ರೆಜಿಮೆಂಟುಗಳಾಗಿ ವಿಂಗಡಿಸಿತ್ತು. ಒಂದು ರೆಜಿಮೆಂಟು ಇವತ್ತು ಬರೆದ ಪರೀಕ್ಷೆಯನ್ನೇ, ಅದೇ ಪ್ರಶ್ನೆಗಳನ್ನೇ, ಇನ್ನೊಂದು ರೆಜಿಮೆಂಟು ಮಾರನೆಯ ದಿನ ಬರೆಯುತ್ತಿತ್ತು. ಕಾವಲು ಏನಿತ್ತು ಎಂದರೆ ಒಂದು ಮಾತು: ಕೆಡೆಟ್ ಆದವನು ಸುಳ್ಳಾಡುವುದಿಲ್ಲ, ವಂಚಿಸುವುದಿಲ್ಲ, ಕದಿಯುವುದಿಲ್ಲ. ಇದಕ್ಕೆ ಅಲ್ಲಿ ಗೌರವ ಸಂಹಿತೆ ಎನ್ನುತ್ತಾರೆ. ಅದನ್ನು ನೋಡಿಕೊಳ್ಳಲು ಕೆಡೆಟ್‌ಗಳದೇ ಸಮಿತಿ. ಆ ಸಮಿತಿಗೆ 1922ರಲ್ಲಿ ಅಧಿಕೃತ ರೂಪ ಕೊಟ್ಟವರೂ ಮೆಕಾರ್ಥರ್‌ರೇ. ಈ ಸಂಹಿತೆಯ ಕಠಿಣವಾದ ಭಾಗ ಇನ್ನೊಂದಿತ್ತು. ಬೇರೊಬ್ಬನ ತಪ್ಪು ಗೊತ್ತಿದ್ದೂ ತಿಳಿಸದೆ ಸುಮ್ಮನಿದ್ದವನೂ ತಪ್ಪಿತಸ್ಥನೇ. ಶಿಕ್ಷೆ ಒಂದೇ, ಕಾಲೇಜಿನಿಂದ ಹೊರಕ್ಕೆ.

ಹುಡುಗರ ಮಾತಿನ ಮೇಲೆ ಅಷ್ಟು ನಂಬಿಕೆ ಇಟ್ಟದ್ದು ದೊಡ್ಡ ವಿಷಯವೇ ಸರಿ. ಆದರೆ ನಂಬಿಕೆಯ ಹೆಸರಿನಲ್ಲಿ ವರ್ಷಗಟ್ಟಲೆ ಒಂದೇ ಪ್ರಶ್ನೆಪತ್ರಿಕೆಯನ್ನು ಎರಡು ದಿನ ನಡೆಸಿದ್ದು ಸೋಮಾರಿತನ. ತುಪ್ಪದ ಗಡಿಗೆಯನ್ನು ಬೆಕ್ಕಿನ ಮುಂದಿಟ್ಟು ಅದರ ಗುಣ ಪರೀಕ್ಷಿಸುವುದಕ್ಕೂ ಇದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ.

ಫುಟ್‌ಬಾಲ್ ಆಟಗಾರರ ಪಾಡು ಉಳಿದವರಿಗಿಂತ ಕಷ್ಟದ್ದು. ಕವಾಯತು, ಗಣಿತ, ಭೌತವಿಜ್ಞಾನ ಎಲ್ಲರಂತೆ ಅವರಿಗೂ ಇತ್ತು. ಅದರ ಮೇಲೆ ದಿನವೂ ಮೈ ಹಣ್ಣಾಗುವಂಥ ಅಭ್ಯಾಸ. ಸಂಜೆ ಪುಸ್ತಕ ತೆರೆದರೆ ಕಣ್ಣು ಎಳೆಯುತ್ತಿತ್ತು. ಓದಿನಲ್ಲಿ ಮುಂದಿದ್ದ ಸಹಪಾಠಿಗಳು ಹಿಂದುಳಿದವರಿಗೆ ಪಾಠ ಹೇಳಿಕೊಡುವ ಏರ್ಪಾಡಿತ್ತು. ಒಳ್ಳೆಯ ಏರ್ಪಾಡೇ. ಆದರೆ ಪಾಠ ಹೇಳುವುದು ಎಲ್ಲಿ ಮುಗಿಯಿತು, ನಾಳೆ ಬರುವ ಪ್ರಶ್ನೆಯನ್ನೇ ಹೇಳುವುದು ಎಲ್ಲಿ ಶುರುವಾಯಿತು ಎಂಬ ಗೆರೆ ಅಳಿಸಿಹೋಯಿತು. ಆಟಗಾರರಿಂದ ಅವರ ಕೋಣೆಯ ಗೆಳೆಯರಿಗೆ, ಅವರಿಂದ ಇನ್ನೊಬ್ಬರಿಗೆ ಹಬ್ಬಿತು.

1951ರ ವಸಂತದಲ್ಲಿ ಕೆಲವು ಕೆಡೆಟ್‌ಗಳಿಂದ ಆಡಳಿತಕ್ಕೆ ಇದರ ಸುಳಿವು ಸಿಕ್ಕಿತು. ಮೇ ಕೊನೆಯ ಹೊತ್ತಿಗೆ ವಿಚಾರಣೆ ಆರಂಭವಾಯಿತು. ಒಬ್ಬೊಬ್ಬರನ್ನೇ ಒಳಗೆ ಕರೆದು ಕೇಳುತ್ತಿದ್ದರು. ಕಂಗಾಲಾದ ಆಟಗಾರರು ತಮ್ಮ ತರಬೇತುದಾರರ ಬಳಿ ಓಡಿಬಂದರು. ಏನು ಹೇಳಬೇಕು ಸರ್ ಎಂದು ಕೇಳಿದ ಹುಡುಗರಿಗೆ ಬ್ಲೇಕ್ ಕೊಟ್ಟ ಸಲಹೆ ಚುಟುಕಾದದ್ದು. ನಡೆದದ್ದನ್ನು ನಡೆದಂತೆಯೇ ಹೇಳಿಬಿಡಿ. ಅವರ ಮಗನೂ ಆ ಸಾಲಿನಲ್ಲಿ ನಿಂತಿದ್ದ.

ಹುಡುಗರು ಹೇಳಿದರು. ಬಹುತೇಕರ ಮೇಲೆ ಅಪರಾಧ ಸ್ಥಾಪಿತವಾದದ್ದು ಅವರ ಸ್ವಂತ ಬಾಯಿಮಾತಿನಿಂದಲೇ. ವಿಚಾರಣೆಯಲ್ಲಿ ಏನೂ ಗೊತ್ತಿಲ್ಲವೆಂದು ಕೈ ತೊಳೆದುಕೊಂಡ ಕೆಲವರು ಕಾಲೇಜಿನಲ್ಲೇ ಉಳಿದರು, ಸತ್ಯ ಹೇಳಿದವರು ಬೀದಿಗೆ ಬಿದ್ದರು ಎಂಬುದು ಬ್ಲೇಕ್‌ರ ಪಕ್ಷದವರ ದೂರು. ಈ ದೂರಿಗೆ ಇಂದಿಗೂ ಸಮಾಧಾನದ ಉತ್ತರ ಸಿಕ್ಕಿಲ್ಲ. ಮಗನಿಗೆ "ನಿಜ ಹೇಳಪ್ಪಾ, ಏನೂ ಆಗುವುದಿಲ್ಲ" ಎಂದು ಹೇಳುವ ತಂದೆತಾಯಿ ಇಲ್ಲೊಂದು ಗಳಿಗೆ ನಿಲ್ಲಬೇಕಾಗುತ್ತದೆ. ಏನೂ ಆಗುವುದಿಲ್ಲ ಎಂಬ ಭರವಸೆ ಬ್ಲೇಕ್ ಕೊಟ್ಟಿರಲಿಲ್ಲ. ನಿಜ ಹೇಳಿ ಎಂದಷ್ಟೇ ಹೇಳಿದ್ದರು.

ತೀರ್ಪನ್ನು ಮತ್ತೊಮ್ಮೆ ತೂಗಿ ನೋಡಲು ಮೂವರ ಮಂಡಲಿಯನ್ನು ನೇಮಿಸಲಾಯಿತು. ಅದರಲ್ಲಿ ಇಬ್ಬರು ಹಿರಿಯ ಸೇನಾನಿಗಳು. ಇನ್ನೊಬ್ಬರು ಅಮೆರಿಕದ ನ್ಯಾಯಾಂಗದಲ್ಲಿ ಬಹು ದೊಡ್ಡ ಹೆಸರಾದ ನ್ಯಾಯಮೂರ್ತಿ ಲರ್ನೆಡ್ ಹ್ಯಾಂಡ್. ಅವರೂ ಹೊರಹಾಕುವುದೇ ಸರಿ ಎಂದರು. 1951ರ ಆಗಸ್ಟ್ 3ರಂದು ಸುದ್ದಿ ಹೊರಬಿತ್ತು: 90 ಮಂದಿ ಕೆಡೆಟ್‌ಗಳು ವೆಸ್ಟ್‌ಪಾಯಿಂಟ್ ಬಿಟ್ಟು ಹೋಗಬೇಕು. ಅವರಲ್ಲಿ 37 ಮಂದಿ ಫುಟ್‌ಬಾಲ್ ಆಟಗಾರರೆಂದು ಆಗಿನ ವರದಿಗಳು ಹೇಳಿದವು. ದೇಶದ ಎರಡು ಅತ್ಯುತ್ತಮ ತಂಡಗಳಲ್ಲಿ ಒಂದೆನಿಸಿದ್ದ ತಂಡ ಹೆಚ್ಚುಕಡಿಮೆ ಇಡಿಯಾಗಿ ಖಾಲಿಯಾಯಿತು. ತರಬೇತುದಾರರ ಮಗನಿಗೂ ವಿನಾಯಿತಿ ಇರಲಿಲ್ಲ.

ಅಮೆರಿಕದ ಮಟ್ಟಿಗೆ ಅದು ಕೆಟ್ಟ ವರ್ಷ. ಆ ವರ್ಷವೇ ನ್ಯೂಯಾರ್ಕಿನ ಕಾಲೇಜು ಬಾಸ್ಕೆಟ್‌ಬಾಲ್ ಆಟಗಾರರು ಜೂಜುಗಾರರಿಂದ ಹಣ ಪಡೆದು ಆಟವನ್ನು ಏರುಪೇರು ಮಾಡಿದ್ದು ಬಯಲಾಗಿತ್ತು. ಕೊರಿಯಾದಲ್ಲಿ ಯುದ್ಧ ನಡೆಯುತ್ತಿತ್ತು. ವೆಸ್ಟ್‌ಪಾಯಿಂಟ್‌ನಿಂದ 1950ರಲ್ಲಿ ಹೊರಬಿದ್ದ ಹುಡುಗರು ನೇರವಾಗಿ ಆ ರಣರಂಗಕ್ಕೇ ಹೋಗಿದ್ದರು. 1949ರ ಫುಟ್‌ಬಾಲ್ ತಂಡದ ನಾಯಕ ಜಾನ್ ಟ್ರೆಂಟ್ ಮರುವರ್ಷ ಅಲ್ಲೇ ಮಡಿದ. ಇಂಥ ಹೊತ್ತಿನಲ್ಲಿ ಸೈನ್ಯದ ಕಾಲೇಜಿನಲ್ಲೇ ನಕಲು ಎಂದರೆ ಜನ ಕೆರಳದೆ ಇರುತ್ತಾರೆಯೇ? ಎರಡೂ ಸೈನಿಕ ಅಕಾಡೆಮಿಗಳಲ್ಲಿ ಫುಟ್‌ಬಾಲನ್ನೇ ನಿಲ್ಲಿಸಬೇಕೆಂದು ಸೆನೆಟರ್ ವಿಲಿಯಂ ಫುಲ್‌ಬ್ರೈಟ್ ಒತ್ತಾಯಿಸಿದರು. ನಮ್ಮ ಎಷ್ಟೋ ಅಧ್ಯಾಪಕರು, ಸಾಹಿತಿಗಳು ಅಮೆರಿಕಕ್ಕೆ ಹೋಗಿಬಂದದ್ದು ಇವರ ಹೆಸರಿನ ವಿದ್ಯಾರ್ಥಿವೇತನದಿಂದಲೇ. ತಮಾಷೆಯೆಂದರೆ, ಕಾಲೇಜಿನ ದಿನಗಳಲ್ಲಿ ಈ ಫುಲ್‌ಬ್ರೈಟ್ ತಾವೇ ಒಳ್ಳೆಯ ಫುಟ್‌ಬಾಲ್ ಆಟಗಾರರಾಗಿದ್ದವರು.

ಬ್ಲೇಕ್ ರಾಜೀನಾಮೆ ಕೊಡಲು ಸಿದ್ಧರಾಗಿದ್ದರು. ಮಗ ಹೋದ, ತಂಡ ಹೋಯಿತು, ಮರ್ಯಾದೆಯೂ ಹೋಯಿತು, ಉಳಿದದ್ದೇನು? ನಿರ್ಧರಿಸುವ ಮೊದಲು ತಮ್ಮ ಹಳೆಯ ಗುರು ಮೆಕಾರ್ಥರ್‌ರನ್ನು ಕಾಣಲು ನ್ಯೂಯಾರ್ಕಿಗೆ ಹೋದರು. ಮೆಕಾರ್ಥರ್ ಅವರೂ ಆಗ ಪೆಟ್ಟು ತಿಂದ ಹುಲಿಯೇ. ಅದೇ ಏಪ್ರಿಲ್‌ನಲ್ಲಿ ಅಧ್ಯಕ್ಷ ಟ್ರೂಮನ್ ಅವರನ್ನು ಕೊರಿಯಾದ ಸೇನಾಧಿಪತ್ಯದಿಂದ ಕಿತ್ತುಹಾಕಿದ್ದರು. ಗುಂಡು ಹಾರುತ್ತಿರುವಾಗ ಜಾಗ ಬಿಟ್ಟು ಹೋಗಬೇಡ ಎಂಬುದು ಅವರ ಬುದ್ಧಿವಾದದ ಸಾರ. ಬ್ಲೇಕ್ ಮರಳಿ ಬಂದರು. ಪತ್ರಕರ್ತರನ್ನು ಕರೆದು, ಹೊರಹೋದ ತಮ್ಮ ಹುಡುಗರು ಗೌರವಸ್ಥರೆಂದೇ ತಾವು ನಂಬಿರುವುದಾಗಿಯೂ ತಾವು ಕೆಲಸದಲ್ಲಿ ಮುಂದುವರಿಯುವುದಾಗಿಯೂ ಹೇಳಿದರು. ಸೆಪ್ಟೆಂಬರ್ ಕೊನೆಯ ವಾರಕ್ಕೆ ಮೊದಲ ಪಂದ್ಯ. ಕೈಯಲ್ಲಿ ಎರಡು ತಿಂಗಳೂ ಇರಲಿಲ್ಲ.

ತಂಡ ಎಂದು ಅವರ ಮುಂದೆ ನಿಂತವರು ಯಾರು? ಹಿಂದಿನ ವರ್ಷ ದೊಡ್ಡ ತಂಡಕ್ಕೆ ಅಭ್ಯಾಸದ ಎದುರಾಳಿಯಾಗಿ ದಿನವೂ ಏಟು ತಿನ್ನುತ್ತಿದ್ದ ಎರಡನೆಯ ದರ್ಜೆಯವರು. ಕಾಲೇಜಿಗೆ ಬಂದು ವರ್ಷವಷ್ಟೇ ಆಗಿದ್ದವರು. ಕಲಿಸುವವರ ಸಾಲಿನಲ್ಲಿ ವಿನ್ಸ್ ಲೊಂಬಾರ್ಡಿ ಎಂಬ ಮೂವತ್ತೆಂಟರ ಸಹಾಯಕರಿದ್ದರು. ಇವರು ಮುಂದೆ ವೃತ್ತಿಪರ ಫುಟ್‌ಬಾಲಿನಲ್ಲಿ ದಂತಕಥೆಯಾದರು. ಅಮೆರಿಕದ ವೃತ್ತಿಪರ ಚಾಂಪಿಯನ್ನರಿಗೆ ಕೊಡುವ ಪಾರಿತೋಷಕಕ್ಕೆ ಇವರದೇ ಹೆಸರು. ಆದರೆ 1951ರ ಶರತ್ಕಾಲದಲ್ಲಿ ಲೊಂಬಾರ್ಡಿಯ ವಿದ್ಯೆಯೂ ಬ್ಲೇಕ್‌ರ ಅನುಭವವೂ ಸೇರಿ ಒಂದು ತಿಂಗಳಿಗೆ ಒಂದು ಗೆಲುವನ್ನು ಹೆಕ್ಕಿ ತೆಗೆಯಲು ಹೆಣಗಿದವು.

ಸೆಪ್ಟೆಂಬರ್ 29ರಂದು ವಿಲನೋವಾ ತಂಡ 21-7ರಿಂದ ಸೋಲಿಸಿತು. ಮುಂದಿನ ಶನಿವಾರ ನಾರ್ತ್‌ವೆಸ್ಟರ್ನ್ 20-14. ಅದರ ಮುಂದಿನದು ಡಾರ್ಟ್‌ಮತ್ ಕಾಲೇಜು. ಬ್ಲೇಕ್ ವೆಸ್ಟ್‌ಪಾಯಿಂಟ್‌ಗೆ ಬರುವ ಮೊದಲು ಏಳು ವರ್ಷ ತರಬೇತಿ ಕೊಟ್ಟಿದ್ದು ಅಲ್ಲಿಯೇ. ಹಳೆಯ ಮನೆಯವರೂ ಕರುಣೆ ತೋರಲಿಲ್ಲ, 28-14. ನಾಲ್ಕನೆಯದು ಹಾರ್ವರ್ಡ್. ಹಿಂದಿನ ವರ್ಷ 49-0ರಿಂದ ಹೊಸಕಿಹಾಕಿದ್ದ ಹಾರ್ವರ್ಡ್! ಆ ಪಂದ್ಯ 22-21ರಲ್ಲಿ, ಒಂದೇ ಒಂದು ಅಂಕದಲ್ಲಿ, ಕೈತಪ್ಪಿತು. ನಾಲ್ಕಕ್ಕೆ ನಾಲ್ಕೂ ಸೋಲು.

ಅಂಕಿಗಳನ್ನು ಸುಮ್ಮನೆ ಓದಿಕೊಂಡು ಹೋದರೆ ಇದೊಂದು ದುರ್ಬಲ ತಂಡದ ಪಟ್ಟಿಯಂತೆ ಕಾಣುತ್ತದೆ. ಆದರೆ ಆ ಹುಡುಗರ ಜಾಗದಲ್ಲಿ ನಿಂತು ನೋಡಬೇಕು. ಜುಲೈವರೆಗೆ ಅವರು ಯಾರಿಗೂ ಬೇಡವಾಗಿದ್ದವರು. ಆಗಸ್ಟ್‌ನಲ್ಲಿ ಅವರ ಕೋಣೆಯ ಗೆಳೆಯರು ಪೆಟ್ಟಿಗೆ ಕಟ್ಟಿಕೊಂಡು ಹೋದರು. ಸೆಪ್ಟೆಂಬರ್‌ನಲ್ಲಿ ಅವರದೇ ಅಂಗಿ ತೊಟ್ಟು, ಅವರು ಗೆದ್ದುಕೊಟ್ಟ ಹೆಸರನ್ನು ಹೊತ್ತು ಇವರು ಮೈದಾನಕ್ಕಿಳಿಯಬೇಕಾಯಿತು. ಎದುರಾಳಿಗಳಲ್ಲಿ ಹಳೆಯ ಆರ್ಮಿಯ ಮೇಲಿನ ಸೇಡು ಬಾಕಿ ಇತ್ತು. ಅದನ್ನು ತೀರಿಸಿಕೊಂಡದ್ದು ಈ ಹೊಸಬರ ಮೇಲೆ. ನಕಲು ಮಾಡಿದವರ ಸಾಲವನ್ನು ನಕಲು ಮಾಡದವರು ಪ್ರತಿ ಶನಿವಾರ ಕಂತಿನಲ್ಲಿ ಕಟ್ಟಿದಂತಾಯಿತು. ವಾರದ ನಡುವೆ ಕವಾಯತು, ಗಣಿತ, ದಿನದಿನದ ಪರೀಕ್ಷೆ ಯಥಾಪ್ರಕಾರ. ಇನ್ನು ಮೇಲಂತೂ "ಏನೇನು ಬಂತು?" ಎಂದು ಬಾಯಿತಪ್ಪಿಯೂ ಕೇಳುವಂತಿರಲಿಲ್ಲ.

ಅಕ್ಟೋಬರ್ 27ರಂದು ಕೊಲಂಬಿಯಾದ ವಿರುದ್ಧ ಮೊದಲ ಗೆಲುವು ಬಂತು, 14-9. ಹಿಂದಿನ ವರ್ಷದ 34-0 ಎಲ್ಲಿ, ಇದೆಲ್ಲಿ? ಆದರೂ ಆ ಐದು ಅಂಕದ ಅಂತರದ ಗೆಲುವಿಗೆ ಪಟ್ಟ ಶ್ರಮ ಆ ಮೂವತ್ತನಾಲ್ಕಕ್ಕೆ ಬೇಕಾಗಿರಲಾರದು. ಮರುವಾರ ಸದರ್ನ್ ಕ್ಯಾಲಿಫೋರ್ನಿಯಾದ ಬಲಿಷ್ಠ ತಂಡ 28-6ರಿಂದ ಬಗ್ಗುಬಡಿಯಿತು. ಆಮೇಲೆ ದಕ್ಷಿಣದ ಇನ್ನೊಂದು ಸೈನಿಕ ಕಾಲೇಜು ಸಿಟಡೆಲ್ ಮೇಲೆ 27-6ರ ಗೆಲುವು, ಎರಡನೆಯದು ಮತ್ತು ಕೊನೆಯದು. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಎದುರು ಮತ್ತೆ ಒಂದೇ ಅಂಕದಿಂದ ಸೋಲು, 7-6.

ಕಡೆಗೆ ಡಿಸೆಂಬರ್ 1, ಫಿಲಡೆಲ್ಫಿಯಾ, ಎದುರಿಗೆ ನೇವಿ. ಆ ವರ್ಷ ನೇವಿಯದೂ ಹೀನಾಯ ಸ್ಥಿತಿಯೇ. ಅಲ್ಲಿಯವರೆಗೆ ಒಂದೇ ಪಂದ್ಯ ಗೆದ್ದಿತ್ತು. ಸೋತು ಸುಣ್ಣವಾದ ಇಬ್ಬರ ನಡುವೆ ಪೈಪೋಟಿ ಸಮಸಮನಾಗಿ ಇದ್ದೀತು ಎಂದುಕೊಂಡವರ ಲೆಕ್ಕ ತಲೆಕೆಳಗಾಯಿತು. ನೇವಿ 42, ಆರ್ಮಿ 7. ಒಂಬತ್ತು ಪಂದ್ಯಗಳಲ್ಲಿ ಆರ್ಮಿ ಗಳಿಸಿದ್ದು 116 ಅಂಕ, ಬಿಟ್ಟುಕೊಟ್ಟದ್ದು 183.

ಹೊರಹೋದವರು ಅಷ್ಟರಲ್ಲಿ ದೇಶದ ನಾನಾ ಕಾಲೇಜುಗಳಲ್ಲಿ ಚದರಿಹೋಗಿದ್ದರು. ಹೆಸರು ಹೇಳಲಿಚ್ಛಿಸದ ಶ್ರೀಮಂತರೊಬ್ಬರು ಅವರಲ್ಲಿ ಯಾರಾದರೂ ನೋಟ್ರೆ ಡೇಮ್ ವಿಶ್ವವಿದ್ಯಾಲಯಕ್ಕೆ ಸೇರುವುದಾದರೆ ಖರ್ಚು ತಾವು ಕೊಡುವುದಾಗಿ ಮುಂದೆ ಬಂದರು. ಒಂದೇ ಷರತ್ತು, ಅಲ್ಲಿ ಫುಟ್‌ಬಾಲ್ ತಂಡದಲ್ಲಿ ಆಡಕೂಡದು. ಹತ್ತಾರು ಮಂದಿ ಅದರ ಪ್ರಯೋಜನ ಪಡೆದರು. ಆ ದಾನಿ ಜೋಸೆಫ್ ಕೆನಡಿ, ಮುಂದೆ ಅಧ್ಯಕ್ಷರಾದ ಜಾನ್ ಕೆನಡಿಯ ತಂದೆ ಎಂಬುದು ಆಮೇಲೆ ತಿಳಿಯಿತು. ಬೇರೆಡೆ ಓದು ಮುಂದುವರಿಸಿದ ರೇ ಮಲವಾಸಿ ಎಂಬಾತ ತರಬೇತುದಾರನಾಗಿ ಲಾಸ್ ಏಂಜಲಿಸ್ ರ‍್ಯಾಮ್ಸ್ ತಂಡವನ್ನು 1980ರ ಜನವರಿಯಲ್ಲಿ ಸೂಪರ್ ಬೌಲ್ ಫೈನಲ್ ತನಕ ಒಯ್ದ. ಹತ್ತೊಂಬತ್ತು ಇಪ್ಪತ್ತರಲ್ಲಿ ಮುಗಿಯಿತು ಎನಿಸಿಕೊಂಡ ಬದುಕುಗಳು ಮುಗಿದಿರಲಿಲ್ಲ. ಆದರೆ ಸೈನ್ಯದ ಅಧಿಕಾರಿಯಾಗುವ ಕನಸು ಕಂಡು ಬಂದಿದ್ದವರಿಗೆ ವೆಸ್ಟ್‌ಪಾಯಿಂಟ್‌ನ ಬಾಗಿಲು ಮತ್ತೆ ತೆರೆಯಲಿಲ್ಲ.

ಶಿಕ್ಷೆ ಹೆಚ್ಚಾಯಿತೇ? ಬ್ಲೇಕ್ ಮಟ್ಟಿಗೆ ಹೌದು. 1960ರಲ್ಲಿ ಪ್ರಕಟಿಸಿದ ಆತ್ಮಕಥೆಯಲ್ಲೂ ಅವರ ಕಹಿ ಇಂಗಿರಲಿಲ್ಲ. ಈ ಪ್ರಶ್ನೆಗೆ ವೆಸ್ಟ್‌ಪಾಯಿಂಟೇ ಕಾಲು ಶತಮಾನದ ನಂತರ ಒಂದು ಬಗೆಯ ಉತ್ತರ ಕೊಟ್ಟಿತೆನ್ನಬೇಕು. 1976ರಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ವಿಷಯದ ಮನೆಗೆಲಸವೊಂದರಲ್ಲಿ ಇನ್ನೂ ದೊಡ್ಡ ಪ್ರಮಾಣದ ನಕಲು ಸಿಕ್ಕಿಬಿತ್ತು. 150ಕ್ಕೂ ಹೆಚ್ಚು ಕೆಡೆಟ್‌ಗಳು ಕಾಲೇಜು ಬಿಡಬೇಕಾಯಿತು. ಪರಿಶೀಲನೆಗೆ ನೇಮಕವಾದ ಆಯೋಗದ ಅಧ್ಯಕ್ಷರು ಫ್ರಾಂಕ್ ಬೋರ್ಮನ್, 1968ರಲ್ಲಿ ಅಪೋಲೋ-8 ನೌಕೆಯಲ್ಲಿ ಚಂದ್ರನನ್ನು ಸುತ್ತಿಬಂದ ಗಗನಯಾತ್ರಿ. ಅದಕ್ಕೂ ಹಿಂದೆ, 1950ರಲ್ಲಿ ವೆಸ್ಟ್‌ಪಾಯಿಂಟ್‌ನಿಂದ ಹೊರಬಂದ ಬೋರ್ಮನ್ ವಿದ್ಯಾರ್ಥಿಯಾಗಿದ್ದಾಗ ಬ್ಲೇಕ್‌ರ ಫುಟ್‌ಬಾಲ್ ತಂಡದ ಮ್ಯಾನೇಜರ್ ಆಗಿದ್ದವರು! ತಪ್ಪಿನಲ್ಲಿ ಸಂಸ್ಥೆಗೂ ಪಾಲಿದೆ ಎಂದು ಅವರ ಆಯೋಗ ಹೇಳಿತು. ಹೊರಹೋದವರಿಗೆ ಒಂದು ವರ್ಷದ ನಂತರ ಮರಳಲು ಅವಕಾಶ ಸಿಕ್ಕಿತು. ಸುಮಾರು ನೂರು ಮಂದಿ ಮರಳಿದರು. ಆ ಹೊತ್ತಿಗೆ 1951ರ ಹುಡುಗರು ನಲವತ್ತೈದರ ಆಸುಪಾಸಿನಲ್ಲಿದ್ದರು.

ಇನ್ನು ಉಳಿದವರು, ಆ ಸೋತ ತಂಡದವರು. 1952ರಲ್ಲಿ ಅವರು ನಾಲ್ಕು ಗೆದ್ದರು, ನಾಲ್ಕು ಸೋತರು, ಒಂದು ಸಮ ಮಾಡಿಕೊಂಡರು. ನೇವಿ ಮತ್ತೆ ಗೆದ್ದಿತು, ಆದರೆ ಈ ಬಾರಿ ಬರೀ 7-0. ಏಟು ತಿನ್ನುತ್ತ ತಿನ್ನುತ್ತಲೇ ಹುಡುಗರು ಆಟ ಕಲಿಯುತ್ತಿದ್ದರು. ಓದಿನಲ್ಲೂ ಆಟದಲ್ಲೂ ಇದಕ್ಕೆ ಅಡ್ಡದಾರಿ ಕಂಡುಹಿಡಿದವರಿಲ್ಲ.

1953ರ ಅಕ್ಟೋಬರ್ 17ರಂದು ನ್ಯೂಯಾರ್ಕಿನ ಪೋಲೋ ಗ್ರೌಂಡ್ಸ್ ಮೈದಾನದಲ್ಲಿ ಡ್ಯೂಕ್ ವಿಶ್ವವಿದ್ಯಾಲಯದ ಎದುರು ಪಂದ್ಯ. ಡ್ಯೂಕ್ ಆಗ ದೇಶದ ಮುಂಚೂಣಿ ತಂಡಗಳಲ್ಲೊಂದು. ಆಟ ಮುಗಿಯುತ್ತ ಬಂದಿತ್ತು, ಆರ್ಮಿ 14-13ರಿಂದ ಮುಂದಿತ್ತು. ಆಗ ಡ್ಯೂಕ್‌ನ ರೆಡ್ ಸ್ಮಿತ್ ಎಂಬ ಆಟಗಾರ ಚೆಂಡು ಹಿಡಿದು ಎಲ್ಲರ ಕಣ್ತಪ್ಪಿಸಿ ಓಡಿಯೇಬಿಟ್ಟ. ಮುಂದೆ ತಡೆಯುವವರೇ ಇಲ್ಲ. ಬಾಬ್ ಮಿಶಾಕ್ ಎಂಬ ಆರ್ಮಿಯ ಹುಡುಗ ಎಷ್ಟೋ ಗಜ ಹಿಂದಿದ್ದವನು ಬೆನ್ನಟ್ಟಿದ. ಹಿಡಿಯುವ ಲಕ್ಷಣವೇ ಇರಲಿಲ್ಲ. ಆದರೂ ಹಿಡಿದ, ಗೆರೆಗೆ ಇನ್ನು ಏಳು ಗಜವಿದೆ ಎನ್ನುವಾಗ ಕೆಡವಿದ. ಇವನು 1950ರಲ್ಲಿ ವೆಸ್ಟ್‌ಪಾಯಿಂಟ್‌ಗೆ ಬಂದವನು. ಗೆಳೆಯರು ಪೆಟ್ಟಿಗೆ ಕಟ್ಟಿದ ಆ ಆಗಸ್ಟ್‌ನಲ್ಲಿ ಅಲ್ಲಿ ಅವನಿಗೆ ಒಂದೇ ವರ್ಷವಾಗಿತ್ತು.

ಇನ್ನೂ ನಾಲ್ಕು ಅವಕಾಶ ಡ್ಯೂಕ್‌ಗೆ ಉಳಿದಿತ್ತು. ಏಳು ಗಜ ದಾಟಿದರೆ ಸಾಕು. ಒಂದು, ಎರಡು, ಮೂರು ಸಲ ನುಗ್ಗಿದರು. ಗೆರೆಯ ಹತ್ತಿರಕ್ಕೆ, ಇನ್ನೂ ಹತ್ತಿರಕ್ಕೆ ಬಂದರು. ನಾಲ್ಕನೆಯ ಸಲವೂ ನುಗ್ಗಿದರು. ಎಲ್ಲರೂ ಒಬ್ಬರ ಮೇಲೊಬ್ಬರು ಬಿದ್ದ ರಾಶಿಯನ್ನು ಬಿಡಿಸಿ ನೋಡಿದರೆ ಚೆಂಡು ಗೆರೆಯಿಂದ ಕೆಲವೇ ಅಂಗುಲ ಈಚೆಗಿತ್ತು. ಪಂದ್ಯ 14-13ರಲ್ಲೇ ಮುಗಿಯಿತು.

ಆ ವರ್ಷ ಆರ್ಮಿ ಏಳು ಗೆದ್ದು ಒಂದು ಮಾತ್ರ ಸೋತಿತು. ನೇವಿಯನ್ನು 20-7ರಿಂದ ಮಣಿಸಿತು. ಪೂರ್ವ ರಾಜ್ಯಗಳ ಶ್ರೇಷ್ಠ ತಂಡಕ್ಕೆ ಕೊಡುವ ಲ್ಯಾಂಬರ್ಟ್ ಪಾರಿತೋಷಕ ವೆಸ್ಟ್‌ಪಾಯಿಂಟ್‌ಗೆ ಮರಳಿತು. ಬ್ಲೇಕ್ ಇನ್ನೂ ಐದು ವರ್ಷ ಇದ್ದು, 1958ರಲ್ಲಿ ಒಂದೂ ಸೋಲಿಲ್ಲದ ಋತುವಿನೊಂದಿಗೆ ನಿವೃತ್ತರಾದರು. ಡಾರ್ಟ್‌ಮತ್‌ನ ಏಳು ವರ್ಷ, ವೆಸ್ಟ್‌ಪಾಯಿಂಟ್‌ನ ಹದಿನೆಂಟು ವರ್ಷ ಸೇರಿ ಒಟ್ಟು 25 ವರ್ಷಗಳಲ್ಲಿ ಅವರ ತಂಡ ಗೆದ್ದದ್ದಕ್ಕಿಂತ ಹೆಚ್ಚು ಸೋತ ವರ್ಷ ಒಂದೇ ಒಂದು, 1951.